ಕೆಂಪಿಗೆ ಆರು ವಾರ ಜಾಗ ಕೊಟ್ಟಿದ್ದು ಯಾವ ಕಾನೂನೂ ಅಲ್ಲ

ಮರಳವಾಡಿ ಹೋಬಳಿಯಲ್ಲಿರುವ ನಮ್ಮ ಚಿಕ್ಕಮ್ಮನ ಮನೆ ಹಿಂದೆ ಒಂದು ಹಳೇ ಕೊಟ್ಟಿಗೆ ಇದೆ. ಹಸು ಮಾರಿದ ಮೇಲೆ ಖಾಲಿ ಬಿದ್ದಿದ್ದ ಆ ಜಾಗಕ್ಕೆ ಡಿಸೆಂಬರಿನಲ್ಲಿ ಬಂದಿದ್ದು ಕೆಂಪಿ. ಯಾವುದೋ ಟಿಪ್ಪರ್ ಹೊಡೆದು, ಹಿಂದಿನ ಎರಡೂ ಕಾಲು ಎಳೆದುಕೊಂಡು ರಸ್ತೆ ಪಕ್ಕ ಬಿದ್ದಿದ್ದ ಹೆಣ್ಣು ಬೀದಿನಾಯಿ. ಗಾಯದಲ್ಲಿ ಆಗಲೇ ಹುಳ ಆಗಿದ್ದವು. ಎತ್ತುವಾಗ ಅದರ ಹಲ್ಲು ನನ್ನ ಕೈಗೆ ತಾಗಿತು. ಹದಿನೈದು ನಿಮಿಷ ಸೋಪು ಹಚ್ಚಿ ತೊಳೆದು, ಅವತ್ತೇ ರೇಬೀಸ್ ಚುಚ್ಚುಮದ್ದು ಶುರು ಮಾಡಿಸಿಕೊಂಡೆ. ನಾಯಿ ಮೇಲಿನ ಪ್ರೀತಿ ಬೇರೆ, ರೇಬೀಸ್ ಬೇರೆ.

ಬೆಂಗಳೂರಿಗೆ ಹೊತ್ತು ತಂದು ಎಕ್ಸ್‌ರೇ ಮಾಡಿಸಿದ್ವಿ. ಸೊಂಟದ ಮೂಳೆ ಮುರಿದಿದೆ, ಆಪರೇಷನ್ ಬೇಡ, ಆದರೆ ಆರು ವಾರ ಓಡಾಡಬಾರದು ಅಂದರು ಡಾಕ್ಟರು. ಔಷಧಿ ಬರೆದುಕೊಟ್ಟರು. ಆ ಆರು ವಾರ ಎಲ್ಲಿ ಅನ್ನೋದನ್ನ ಯಾರೂ ಬರೆದುಕೊಡಲಿಲ್ಲ.

ಬೀದಿನಾಯಿಗಳ ಬಗ್ಗೆ ಈಗ ಅಭಿಪ್ರಾಯ ಇಲ್ಲದವರು ಯಾರಿದ್ದಾರೆ ಹೇಳಿ. 2025ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟು ದೆಹಲಿ ಸುತ್ತಮುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಶೆಲ್ಟರಿಗೆ ಹಾಕಿ ಅಂದಿತು. ಹನ್ನೊಂದೇ ದಿನಕ್ಕೆ, ಆಗಸ್ಟ್ 22ರಂದು, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿತು: ಸಂತಾನಹರಣ ಮಾಡಿ, ಲಸಿಕೆ ಹಾಕಿ, ರೇಬೀಸ್ ಇರುವ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಹಿಡಿದ ಜಾಗಕ್ಕೇ ಬಿಡಿ. ಪ್ರಾಣಿಪ್ರಿಯರು ಬೇಕಿದ್ದರೆ ಅರ್ಜಿ ಹಾಕಿ ದತ್ತು ತಗೊಳ್ಳಬಹುದು, ಆದರೆ ಆ ನಾಯಿ ಮತ್ತೆ ಬೀದಿಗೆ ಬರಬಾರದು ಅಂತಲೂ ಹೇಳಿತು. ನವೆಂಬರ್ 7ರ ಆದೇಶ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಹಿಡಿದ ನಾಯಿಗಳನ್ನು ವಾಪಸ್ ಅಲ್ಲಿಗೆ ಬಿಡುವಂತಿಲ್ಲ.

ಈ ಆದೇಶಗಳ ಹಿಂದಿನ ಭಯವನ್ನು ಸುಳ್ಳು ಅನ್ನೋಕಾಗಲ್ಲ. ಆ ವರ್ಷದ ಮೊದಲ ಏಳು ತಿಂಗಳಲ್ಲೇ ಕರ್ನಾಟಕದಲ್ಲಿ 2.8 ಲಕ್ಷಕ್ಕೂ ಹೆಚ್ಚು ನಾಯಿಕಡಿತಗಳು ದಾಖಲಾಗಿದ್ದವು. ಕಚ್ಚಿಸಿಕೊಂಡ ಮಗುವಿನ ತಾಯಿಗೆ 'ನಿಮಗೆ ಕರುಣೆ ಇಲ್ಲ' ಅನ್ನುವ ಪ್ರಾಣಿಪ್ರೇಮ ನನಗೆ ಅರ್ಥ ಆಗಲ್ಲ.

ಆದರೆ ದತ್ತು ಅನ್ನೋ ಪದವನ್ನು ಕೋರ್ಟೂ ಸರ್ಕಾರವೂ ಬಳಸುವ ರೀತಿ ನೋಡಿ. ಬೀದಿಯಿಂದ ನಾಯಿ ಸೀದಾ ಯಾರದೋ ಸೋಫಾ ಮೇಲೆ ಹಾರಿ ಕೂರುತ್ತದೆ ಅನ್ನುವ ಹಾಗಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಆರೋಗ್ಯವಾಗಿರುವ ನಾಯಿಯನ್ನು ಏನು ಮಾಡಬೇಕು ಅನ್ನುತ್ತವೆ. ಬದುಕುವ ಸಾಧ್ಯತೆಯೇ ಇಲ್ಲದಷ್ಟು ಗಾಯಗೊಂಡ ನಾಯಿಗೆ ನೋವಿಲ್ಲದ ಸಾವು ಕೊಡೋದು ಹೇಗೆ ಅಂತಲೂ ಹೇಳುತ್ತವೆ. ಸಾಯದ, ಆದರೆ ಸದ್ಯಕ್ಕೆ ನಡೆಯಲೂ ಆಗದ ಕೆಂಪಿಯಂಥವನ್ನು ವಾರಗಟ್ಟಲೆ ನೋಡಿಕೊಳ್ಳೋದು ಮಾತ್ರ ಯಾರ ಪಾಲಿಗೆ ಬರುತ್ತದೋ ಅವರ ಹಣೆಬರಹ. ಇಂಜಿನಿಯರಿಂಗ್‌ನಲ್ಲಿ ಬಫರ್ ಅಂತ ಓದಿದ್ದೆ: ಎರಡು ಹಂತಗಳ ವೇಗ ಬೇರೆ ಬೇರೆ ಇದ್ದಾಗ ನಡುವೆ ಸರಕು ನಿಲ್ಲೋಕೆ ಒಂದು ಜಾಗ ಬೇಕು, ಇಲ್ಲದಿದ್ದರೆ ಇಡೀ ಸಾಲು ಕಟ್ಟಿಕೊಳ್ಳುತ್ತದೆ. ನಾಯಿಗಳ ವಿಷಯದಲ್ಲಿ ಆ ಜಾಗದ ಹೆಸರು ಫಾಸ್ಟರ್ ಮನೆ. ಅಂದ್ರೆ ನಾಯಿ ಹುಷಾರಾಗಿ ದತ್ತು ಹೋಗುವ ತನಕ ಆಶ್ರಯ ಕೊಡುವ ಮನೆ.

ನಮ್ಮಲ್ಲಿ ಅದು ಚಿಕ್ಕಮ್ಮನ ಕೊಟ್ಟಿಗೆ. ಬೆಂಗಳೂರಿನ ನನ್ನ ಬಾಡಿಗೆ ಮನೆಗೆ ನಾಯಿ ತರುವಂತಿಲ್ಲ. ಹಾಗಾಗಿ ಇನ್‌ಸ್ಟಾಗ್ರಾಮಿನಲ್ಲಿ ಲೈಕ್ ಬಿದ್ದಿದ್ದು ನನಗೆ, ಕೆಲಸ ಬಿದ್ದಿದ್ದು ಅವರಿಗೆ. ಮೊದಲ ವಾರ ಮೂತ್ರ ತಾನಾಗಿ ಹೋಗುತ್ತಿರಲಿಲ್ಲ. ಡಾಕ್ಟರು ತೋರಿಸಿಕೊಟ್ಟ ಹಾಗೆ ದಿನಕ್ಕೆ ಮೂರು ಸಲ ಹೊಟ್ಟೆ ಮೆತ್ತಗೆ ಒತ್ತಿ ಮಾಡಿಸಬೇಕಿತ್ತು. ಮಲಗಿ ಮಲಗಿ ಹುಣ್ಣಾಗದಂತೆ ಮಗ್ಗುಲು ಬದಲಿಸಬೇಕು, ಗೋಣಿಚೀಲ ಒಗೀಬೇಕು. ಮೂರನೇ ವಾರದಿಂದ ಹಳೇ ಟವೆಲನ್ನು ಹೊಟ್ಟೆ ಕೆಳಗೆ ಹಾಕಿ ಎತ್ತಿ ಹಿಡಿದು, ನಾಲ್ಕು ಹೆಜ್ಜೆ ಇಡಿಸಬೇಕು.

ಇನ್ನೊಂದು ತಾಪತ್ರಯ ಬೆಂಗಳೂರಿನ ಯಾವ ಪ್ರಾಣಿಪ್ರಿಯರಿಗೂ ಹೊಳೆಯಲಿಕ್ಕಿಲ್ಲ. ಕೆಂಪಿ ಮೈತುಂಬ ಉಣ್ಣಿ. ಚಿಕ್ಕಮ್ಮನ ಮನೆಯಲ್ಲಿ ರೇಷ್ಮೆ ಹುಳು. ದನಕ್ಕೂ ನಾಯಿಗೂ ಉಣ್ಣಿಗೆ ಅಂತ ಸಾಮಾನ್ಯವಾಗಿ ಹಚ್ಚುವ ಔಷಧಿ ರೇಷ್ಮೆ ಹುಳುವಿಗೆ ವಿಷ. ಕೈಗೆ ಅಂಟಿದ್ದು ಸೊಪ್ಪಿಗೆ ತಾಗಿದರೂ ಸಾಕು, ಬೆಳೆ ಹೋಗಬಹುದು. ಕೊನೆಗೆ ಉಣ್ಣಿಗೆ ನುಂಗಿಸುವ ಮಾತ್ರೆ ತಂದ್ವಿ. ಅದರ ಬೆಲೆ ಕೇಳಿ ಚಿಕ್ಕಮ್ಮ, "ಇದ್ರಲ್ಲಿ ನಂಗೊಂದು ಸೀರೆ ಬರ್ತಿತ್ತು ಕಣೋ" ಅಂದ್ರು. ಹುಳು ಮನೆಗೆ ಹೋಗುವ ಮುಂಚೆ ಪ್ರತಿ ಸಲ ಕೈಕಾಲು ತೊಳೆದು ಸೀರೆ ಬದಲಿಸುತ್ತಿದ್ದರು.

ಈ ಕೆಲಸಕ್ಕೆ ಕೂಲಿ ಎಷ್ಟು? 2025ರಲ್ಲಿ ಬಿಬಿಎಂಪಿ ಸುಮಾರು 5,000 ಬೀದಿನಾಯಿಗಳಿಗೆ ಚಿಕನ್ ರೈಸ್ ಹಾಕೋಕೆ 2.88 ಕೋಟಿ ರೂಪಾಯಿ ಯೋಜನೆ ಮಾಡಿದಾಗ ರಾಜ್ಯವೆಲ್ಲ ತಟ್ಟೆ ಬಗ್ಗೆ ಜಗಳ ಆಡಿತು. ಆರೈಕೆ ಬಗ್ಗೆ ಯಾರೂ ಕೇಳಲಿಲ್ಲ. ಹಾರೋಹಳ್ಳಿ ದಾಟಿದರೆ ಆ ತಟ್ಟೆಯೂ ಇಲ್ಲ. ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರು ಬಂದ ಮಾತ್ರಕ್ಕೆ ಬೆಂಗಳೂರಿನ ಸವಲತ್ತು ಬರಲ್ಲವಲ್ಲ. ಊರಿನ ಸ್ವಸಹಾಯ ಸಂಘಗಳಲ್ಲಿ ಒಪ್ಪುವ ನಾಲ್ಕು ಮನೆಗಳಿಗೆ ಪಶುವೈದ್ಯರ ಉಸ್ತುವಾರಿಯಲ್ಲಿ ದಿನಗೂಲಿ ಕೊಟ್ಟು, ಮೊದಲೇ ರೇಬೀಸ್ ಲಸಿಕೆ ಹಾಕಿಸಿ, ಈ ಕೆಲಸ ವಹಿಸಬಹುದು. ಶೆಲ್ಟರ್ ಕಟ್ಟಡದ ಟೆಂಡರಿಗಿಂತ ಇದು ಅಗ್ಗ ಅಂತ ನನ್ನ ಅಂದಾಜು. ಟೆಂಡರ್ ಇಲ್ಲದಿರೋದೇ ಇದರ ದೊಡ್ಡ ಅಡ್ಡಿ ಅನ್ನೋದೂ ನನ್ನ ಅನುಮಾನ.

ಏಳನೇ ವಾರ ಕೆಂಪಿ ಸೊಟ್ಟಗೆ ನಡೆಯಲು ಶುರು ಮಾಡಿತು. ಹೆಣ್ಣು, ಬೀದಿ ತಳಿ, ಮೇಲೆ ಕುಂಟು. ಫೋಟೋಗೆ ಹೃದಯದ ಚಿಹ್ನೆ ಹಾಕಿದವರು ಬಹಳ, ಫೋನ್ ಮಾಡಿದವರು ಮೂವರು. ಅವರಿಗೆ ಕಳಿಸಲು ಬೆಂಗಳೂರಿನ ಗೆಳೆಯರಿಂದ ಒಂದು ದತ್ತು ಫಾರಂ ತರಿಸಿದ್ದೆ. ಸ್ವಂತ ಮನೆಯೇ? ಕಾಂಪೌಂಡ್ ಇದೆಯೇ? ತಿಂಗಳ ಆದಾಯ? ನಾಯಿಯನ್ನು ಕಟ್ಟಿಹಾಕಿ ಮರೆಯುವವರಿದ್ದಾರೆ, ಹಾಗಾಗಿ ಇವು ಪೂರ್ತಿ ತಪ್ಪು ಪ್ರಶ್ನೆಗಳೂ ಅಲ್ಲ. ಮೂವರಲ್ಲಿ ಇಬ್ಬರು ಆಮೇಲೆ ಫೋನ್ ಎತ್ತಲಿಲ್ಲ. ಉಳಿದವರು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಹತ್ತಿರ ಟೀ ಅಂಗಡಿ ಇಟ್ಟಿರುವ ಗಂಡ ಹೆಂಡತಿ. ಎರಡು ಸಲ ಬಂದು ನೋಡಿ, ಟವೆಲ್ ಹಿಡಿಯೋದನ್ನೂ ಕಲಿತು ಹೋಗಿದ್ದರು. ಫಾರಂ ಪ್ರಕಾರ ಅವರು ಫೇಲ್. ನಾನು 'ಬಾಡಿಗೆ ಮನೆ, ಕಾಂಪೌಂಡ್ ಬೇರೆ ಇಲ್ಲ' ಅಂತ ಗೊಣಗಿದೆ.

"ನಿಂದೂ ಬಾಡಿಗೆ ಮನೇನೇ ಅಲ್ವೇನೋ" ಅಂದ್ರು ಚಿಕ್ಕಮ್ಮ. "ಅವ್ರ ಓನರ್ರು ನಾಯಿ ಬೇಡ ಅಂದಿಲ್ವಂತೆ, ಕೇಳಿದೀನಿ."

ಭಾನುವಾರ ಕೆಂಪಿ ಹಾರೋಹಳ್ಳಿಗೆ ಹೋಯಿತು. ಲಸಿಕೆ ಆಗಿದೆ. ಸಂತಾನಹರಣಕ್ಕೆ ಡಾಕ್ಟರು ಮುಂದಿನ ತಿಂಗಳು ದಿನ ಕೊಟ್ಟಿದ್ದಾರೆ, ಅದರ ಖರ್ಚು ನನ್ನದು. ಕೊಟ್ಟಿಗೆಯಲ್ಲಿ ಈಗ ಇನ್ನೊಂದು ಮರಿ ಇದೆಯಂತೆ, ರಾತ್ರಿ ಯಾರೋ ಗೇಟಿನ ಹತ್ತಿರ ಬಿಟ್ಟು ಹೋಗಿದ್ದು. ಅದೂ ಹೆಣ್ಣೇ.