ಹೊಂದಿಕೆಯಾಗದ ಫೋನು

ವ್ಯಾಕರಣದ ಪಾಠ ಹೇಳುವವನಿಗೆ ಕಾಲಕ್ರಮದಲ್ಲಿ ಒಂದು ದುರಭ್ಯಾಸ ಅಂಟಿಕೊಳ್ಳುತ್ತದೆ. ಬಸ್ಸಿನ ಹಿಂಬದಿಯ ಬರಹವಾಗಲಿ, ಕಛೇರಿಯ ಗೋಡೆಗೆ ಅಂಟಿಸಿದ ಸೂಚನೆಯಾಗಲಿ, ಕಣ್ಣಿಗೆ ಬಿದ್ದೊಡನೆ ಇದರಲ್ಲಿ ಕರ್ತೃ ಯಾವುದು, ಕ್ರಿಯೆ ಯಾವುದು ಎಂದು ಮನಸ್ಸು ತಾನಾಗಿಯೇ ಅರಸತೊಡಗುತ್ತದೆ. ಕಳೆದ ತಿಂಗಳು ಎರಡನೆಯ ವರ್ಷದ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಮೊಬೈಲ್ ಫೋನನ್ನು ನನ್ನ ಮುಂದೆ ಹಿಡಿದು, "ಸಾರ್, ಇದು ಯಾಕೆ ಹೀಗೆ ಹೇಳುತ್ತೆ?" ಎಂದು ಕೇಳಿದಾಗಲೂ ಹಾಗೆಯೇ ಆಯಿತು. ಪರದೆಯ ಮೇಲೆ ಒಂದೇ ವಾಕ್ಯವಿದ್ದಿತು: ನಿಮ್ಮ ಸಾಧನವು ಈ ಆವೃತ್ತಿಯೊಡನೆ ಹೊಂದಿಕೆಯಾಗುವುದಿಲ್ಲ.

ವಾಕ್ಯರಚನೆಯಲ್ಲಿ ದೋಷವೇನೂ ಇಲ್ಲ. 'ಸಾಧನವು' ಎಂಬುದು ಪ್ರಥಮಾ ವಿಭಕ್ತಿಯಲ್ಲಿರುವ ಕರ್ತೃಪದ. ನಿಷೇಧಾರ್ಥದ ಕ್ರಿಯಾಪದ ಅದನ್ನು ಅನುಸರಿಸಿಯೇ ಬಂದಿದೆ. ದೋಷವಿರುವುದು ಬೇರೆ ಕಡೆ. ಆ ಹುಡುಗಿಯ ಸಾಧನ ಏನನ್ನೂ ಮಾಡಿರಲಿಲ್ಲ. ನಿನ್ನೆ ಹೇಗಿತ್ತೋ ಇಂದೂ ಹಾಗೆಯೇ ಇದ್ದಿತು. ಬದಲಾದದ್ದು ಆ್ಯಪ್, ಬದಲಿಸಿದವರು ಅದನ್ನು ತಯಾರಿಸಿದವರು. ಕೆಲಸ ಮಾಡಿದ ನಿಜವಾದ ಕರ್ತೃ ವಾಕ್ಯದಿಂದ ಮೆಲ್ಲನೆ ಹೊರಗೆ ಸರಿದು ನಿಂತು, ಏನನ್ನೂ ಮಾಡದ ವಸ್ತುವನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದ್ದಾನೆ. 'ಹೊಂದಿಕೆ' ಎಂಬ ಮಾತನ್ನಾದರೂ ಗಮನಿಸಿರಿ. ನಮ್ಮ ಮನೆಗಳಲ್ಲಿ ಹೊಂದಿಕೊಂಡು ಹೋಗಬೇಕೆಂಬ ಬುದ್ಧಿವಾದವನ್ನು ಹೊಸದಾಗಿ ಬಂದ ಸೊಸೆಗೆ ಹೇಳುತ್ತಾರೆಯೇ ಹೊರತು ಅತ್ತೆಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಆ ಫೋನಿನ ಚರಿತ್ರೆಯೂ ಚಿಕ್ಕದೇ. 2016ರಲ್ಲಿ ಅವಳ ಅಣ್ಣ ಕೊಂಡದ್ದು. ಅವನು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಕಂತಿನಲ್ಲಿ ಬೇರೆಯದನ್ನು ತೆಗೆದುಕೊಂಡಾಗ ಇದು ತಂಗಿಯ ಪಾಲಿಗೆ ಬಂದಿತು. ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ನಾನೂರು ರೂಪಾಯಿ ಕೊಟ್ಟು ಬ್ಯಾಟರಿ ಹಾಕಿಸಿಕೊಂಡಿದ್ದಳು. ಗಾಜಿನ ಒಂದು ಮೂಲೆ ಬಿರಿದಿರುವುದನ್ನು ಬಿಟ್ಟರೆ ಅದಕ್ಕೆ ಯಾವ ಊನವೂ ಇಲ್ಲ. ಮಾತು ಕೇಳಿಸುತ್ತದೆ, ಚಿತ್ರ ತೆಗೆಯುತ್ತದೆ, ಕನ್ನಡ ಅಕ್ಷರ ಮುದ್ದಾಗಿ ಮೂಡುತ್ತದೆ. ಅವಳಿಗೆ ಬೇಕಾಗಿದ್ದುದು ಒಂದೇ ಸಂಗತಿ: ಸರ್ಕಾರದ ವಿದ್ಯಾರ್ಥಿವೇತನ ತನ್ನ ಬ್ಯಾಂಕಿನ ಖಾತೆಗೆ ಬಂದಿದೆಯೋ ಇಲ್ಲವೋ ಎಂಬುದು. ಬಂದಿದ್ದರೆ ಹಾಸ್ಟೆಲಿನ ಬಾಕಿ ಕಟ್ಟಬೇಕು. ಬಂದಿರದಿದ್ದರೆ ಅವಳ ತಂದೆ ಯಾರಲ್ಲಿಯಾದರೂ ಕೈಗಡ ಕೇಳಬೇಕು. ಬ್ಯಾಂಕಿಗೆ ಹೋಗಿ ಕೇಳಿದಳಂತೆ. ಪಾಸ್‌ಬುಕ್ ಮುದ್ರಿಸುವ ಯಂತ್ರ ಕೆಟ್ಟಿತ್ತು. "ಆ್ಯಪ್ ಹಾಕ್ಕೊಳ್ಳಮ್ಮಾ, ಮನೇಲೇ ನೋಡ್ಬಹುದು" ಎಂದು ಗುಮಾಸ್ತರು ಸೌಜನ್ಯದಿಂದಲೇ ಹೇಳಿ ಕಳುಹಿಸಿದರು. ಆ್ಯಪ್ ಬರಲಿಲ್ಲ; ಆ ವಾಕ್ಯ ಬಂದಿತು.

"ಸ್ಕಾಲರ್‌ಶಿಪ್ ಬಂದಮೇಲೆ ಅದರಲ್ಲೇ ಹೊಸ ಫೋನ್ ತಗೊಳ್ಳೋಣ ಅಂತಿದೀನಿ ಸಾರ್" ಎಂದಳು. ಬಂದ ಹಣವನ್ನು ನೋಡುವುದಕ್ಕಾಗಿ ಆ ಹಣವನ್ನೇ ವ್ಯಯಮಾಡುವ ಈ ಲೆಕ್ಕಾಚಾರದಲ್ಲಿ ಅವಳಿಗೆ ವಿಚಿತ್ರವೇನೂ ಕಾಣಲಿಲ್ಲ. ನನಗೆ ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಇದು ಹೇಗೆ ನಡೆಯುತ್ತದೆಂಬುದನ್ನು ನಾನು ಬಲ್ಲವರಿಂದ ಕೇಳಿ ತಿಳಿದುಕೊಂಡೆ. ಫೋನಿನೊಳಗಿನ ಆಂಡ್ರಾಯ್ಡ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಪ್ರತಿಯೊಂದು ಆವೃತ್ತಿಗೂ ಒಂದು ಅಂತಸ್ತಿನ ಸಂಖ್ಯೆಯುಂಟು: 5.0ಕ್ಕೆ 21, 6.0ಕ್ಕೆ 23, 8.0ಕ್ಕೆ 26, ಹೀಗೆ. ಆ್ಯಪ್ ತಯಾರಿಸುವವರು ತಮ್ಮದು ಕನಿಷ್ಠ ಇಷ್ಟನೆಯ ಅಂತಸ್ತಿನಿಂದ ಮೇಲಕ್ಕೆ ಮಾತ್ರ ಎಂದು ಒಂದೆಡೆ ಬರೆಯುತ್ತಾರೆ. ಅಲ್ಲಿ 23 ಎಂದಿದ್ದುದನ್ನು 26 ಎಂದು ತಿದ್ದಿದ ದಿನ, ಕೆಳಗಿನ ಅಂತಸ್ತುಗಳಲ್ಲಿರುವವರ ಮುಂದೆ ಬಾಗಿಲು ಮುಚ್ಚುತ್ತದೆ. ಹಾಗಾದರೆ ಫೋನನ್ನೇ ಮೇಲಿನ ಅಂತಸ್ತಿಗೆ ಏರಿಸಬಾರದೆ? ಅದು ನಮ್ಮ ಕೈಯಲ್ಲಿಲ್ಲ. ವ್ಯವಸ್ಥೆಯನ್ನು ಗೂಗಲ್ ಸಿದ್ಧಪಡಿಸಿದರೂ ಒಂದೊಂದು ಮಾದರಿಗೂ ಅದನ್ನು ಒಗ್ಗಿಸಿಕೊಡಬೇಕಾದವರು ಫೋನಿನ ತಯಾರಕರು. ಅವರಿಗೆ ಚಿಪ್ಪಿನ ತಯಾರಕರ ಸಹಕಾರ ಬೇಕು. ಈ ಸರಪಳಿಯಲ್ಲಿ ಯಾರೊಬ್ಬರು ಕೈಬಿಟ್ಟರೂ ಫೋನು ಇದ್ದಲ್ಲಿಯೇ ನಿಲ್ಲುತ್ತದೆ. ಈ ತೊಡಕನ್ನು ಸಡಿಲಿಸಲು 2017ರ 8.0 ಆವೃತ್ತಿಯಲ್ಲಿ ಏರ್ಪಾಡೊಂದು ಬಂದಿತಾದರೂ ಅದಕ್ಕಿಂತ ಹಿಂದಿನವುಗಳಿಗೆ ಅದರಿಂದ ಫಲವಾಗಲಿಲ್ಲ. ಅಗ್ಗದ ಫೋನುಗಳ ಪಾಡು ಹೆಚ್ಚಾಗಿ ಇದೇ. ದುಡ್ಡುಳ್ಳವರ ಕಥೆ ಬೇರೆ: 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೂ 2024ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷಗಳ ಆಶ್ವಾಸನೆಯನ್ನು ಕೊಟ್ಟಿವೆ. ಆಯುಸ್ಸೂ ಬೆಲೆಗೆ ತಕ್ಕಂತೆ ಮಾರಾಟವಾಗುವ ಕಾಲ!

ಆ್ಯಪ್ ಬೇಡ, ಜಾಲತಾಣಗಳನ್ನೇ ತೆರೆದು ನೋಡೋಣವೆಂದರೆ ಆ ದಾರಿಯೂ ಕಿರಿದಾಗುತ್ತ ಬಂದಿದೆ. ಸುರಕ್ಷಿತ ತಾಣಗಳು ತಮ್ಮ ಗುರುತಿಗೆ ಪ್ರಮಾಣಪತ್ರವೊಂದನ್ನು ತೋರಿಸುತ್ತವೆ. ಯಾರ ಮುದ್ರೆಯನ್ನು ನಂಬಬಹುದೆಂಬ ಪಟ್ಟಿ ಫೋನಿನೊಳಗೆ ಇರುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅಸಂಖ್ಯ ತಾಣಗಳಿಗೆ ಈ ಪತ್ರಗಳನ್ನು ಉಚಿತವಾಗಿ ಕೊಡುತ್ತದೆ. ಅದರ ಹೊಸ ಮುದ್ರೆ ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನ ಫೋನುಗಳ ಪಟ್ಟಿಯಲ್ಲಿಲ್ಲ. ಆ ಸಂಸ್ಥೆಯವರು ದಯೆಯಿಂದ ಬೇರೊಂದು ಹಳೆಯ ಮುದ್ರೆಯ ಆಸರೆಯಲ್ಲಿ ಕೆಲವು ವರ್ಷ ಕಾಲ ದೂಡಿದರು. 2024ರ ಸೆಪ್ಟೆಂಬರ್ 30ಕ್ಕೆ ಆ ಆಸರೆಯ ಅವಧಿಯೂ ಮುಗಿಯಿತು. ತನ್ನದೇ ಪಟ್ಟಿಯನ್ನು ಹೊತ್ತು ತರುವ ಫೈರ್‌ಫಾಕ್ಸಿನಂಥ ಬ್ರೌಸರು ಇದ್ದರೆ ಈ ತೊಡಕನ್ನು ದಾಟಬಹುದೆನ್ನುತ್ತಾರೆ. ಇದು ಹಳ್ಳಿಯಿಂದ ಬಸ್ಸು ಹಿಡಿದು ಬರುವ ಎಷ್ಟು ಮಕ್ಕಳಿಗೆ ಗೊತ್ತು?

ಎದುರು ಪಕ್ಷದವರಿಗೂ ಮಾತುಂಟು. ಅದನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಬ್ಯಾಂಕು ಹಳೆಯ ಫೋನಿಗೆ ಹೆದರುವುದಕ್ಕೆ ಕಾರಣವಿದೆ. ಕೇವಲ ಒಂದು ಚಿತ್ರಸಂದೇಶವನ್ನು ಕಳುಹಿಸಿ ಪರರ ಫೋನಿನೊಳಗೆ ನುಗ್ಗಬಹುದಾದ ಸ್ಟೇಜ್‌ಫ್ರೈಟ್ ಎಂಬ ಬಿರುಕು 2015ರಲ್ಲಿ ಬೆಳಕಿಗೆ ಬಂದಿತು. ಅಂಥ ಬಿರುಕುಗಳಿಗೆ ತೇಪೆ ಹಚ್ಚುವವರು ಕೈಬಿಟ್ಟ ಫೋನಿನಲ್ಲಿ ಹಣದ ವ್ಯವಹಾರ ನಡೆಸುವುದು ಅಪಾಯವೇ ಸರಿ. ಹತ್ತು ವರ್ಷಗಳ ನೂರಾರು ಮಾದರಿಗಳ ಮೇಲೆ ಪ್ರತಿಯೊಂದು ಬದಲಾವಣೆಯನ್ನೂ ಪರೀಕ್ಷಿಸಿ ನೋಡುವುದು ಸಣ್ಣ ಸಂಸ್ಥೆಗಳ ಶಕ್ತಿಗೆ ಮೀರಿದ್ದೆಂಬುದೂ ನಿಜ. ಹಳೆಯದು ಎಂದೆಂದಿಗೂ ನಡೆಯಬೇಕೆಂದು ಹಟ ಹಿಡಿಯುವವನು ನಾನಲ್ಲ. ಕನ್ನಡದ ಮಟ್ಟಿಗೆ ಹೊಸದರಿಂದ ಲಾಭವೂ ಆಗಿದೆ. 2012ರ 4.1 ಆವೃತ್ತಿಯಲ್ಲಿ ಆಂಡ್ರಾಯ್ಡ್ ಕನ್ನಡ ಅಕ್ಷರಗಳಿಗೆ ಬೆಂಬಲವನ್ನು ತಂದಿತು, 2014ರ 5.0ರಲ್ಲಿ ಫೋನಿನ ಆದೇಶಗಳೇ ಕನ್ನಡದಲ್ಲಿ ದೊರೆತವು. ಅದಕ್ಕೆ ಮುಂಚಿನ ಫೋನನ್ನು ಹಿಡಿದು ಕುಳಿತಿದ್ದರೆ ಆ ಹುಡುಗಿಗೆ 'ಹೊಂದಿಕೆಯಾಗುವುದಿಲ್ಲ' ಎಂಬ ಮಾತೂ ಇಂಗ್ಲಿಷಿನಲ್ಲಿಯೇ ಸಿಗುತ್ತಿತ್ತು.

ಭಾಷೆಯೂ ಹಳೆಯದನ್ನು ಬಿಡುತ್ತದಲ್ಲವೆ ಎಂದು ವಾಚಕರು ನನ್ನನ್ನು ಕೇಳಬಹುದು. ಹೌದು, ಬಿಡುತ್ತದೆ. ಹಳಗನ್ನಡದ ಱಕಾರ, ೞಕಾರಗಳು ಬಳಕೆಯಿಂದ ಜಾರಿಹೋದವು. ಹದಿಮೂರನೆಯ ಶತಮಾನದ ಕೇಶಿರಾಜನ ಕಾಲಕ್ಕಾಗಲೇ ೞಕಾರದ ವಿವೇಕ ತಪ್ಪುತ್ತಿದ್ದಿತು. ಆ ಅಕ್ಷರವುಳ್ಳ ಶಬ್ದಗಳನ್ನು ಆತ 'ಶಬ್ದಮಣಿದರ್ಪಣ'ದಲ್ಲಿ ಪಟ್ಟಿಮಾಡಿಟ್ಟ. ಆದರೆ ಅಲ್ಲಿ ಬಿಟ್ಟವರು ಆಡುವ ಜನರೇ. ಬಿಡಲು ಹಿಡಿದ ಕಾಲ ಶತಮಾನಗಳು. ಬಿಟ್ಟ ಮೇಲೂ ಹಳೆಯ ಶಾಸನದ ಮುಂದೆ ನಿಂತ ವಿದ್ಯಾರ್ಥಿಗೆ ಕಲ್ಲು ಬಾಗಿಲು ಮುಚ್ಚುವುದಿಲ್ಲ. ಸ್ವಲ್ಪ ಶ್ರಮಪಟ್ಟು ಕಲಿತರೆ ಓದಿಸಿಕೊಳ್ಳುತ್ತದೆ.

ಯಂತ್ರಲೋಕದಲ್ಲಿ ಇಂಥ ನಿಷ್ಠೆ ಅಸಾಧ್ಯವೇನೂ ಅಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡಿನಲ್ಲಿ ಆ ಎರಡು ಅಕ್ಷರಗಳೂ ಇವೆ. ೞಕಾರಕ್ಕೆ ಆರಂಭದಲ್ಲಿ ಯಾರೋ 'ಫ' ಎಂಬ ತಪ್ಪು ಹೆಸರನ್ನು ಕೊಟ್ಟುಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವುದಿಲ್ಲ, ಒಮ್ಮೆ ಸೇರಿಸಿದ ಅಕ್ಷರವನ್ನು ತೆಗೆಯುವುದಿಲ್ಲ ಎಂಬುದು ಅವರ ನಿಯಮ. ಆದ್ದರಿಂದ ತಪ್ಪನ್ನು ಹಾಗೆಯೇ ಉಳಿಸಿಕೊಂಡು, ಪಕ್ಕದಲ್ಲಿ ಸರಿಯಾದ ಉಪನಾಮವನ್ನು ಸೇರಿಸಿದ್ದಾರೆ. ಹಿಂದೆ ಬರೆದಿಟ್ಟವನ ಬರಹ ಕೆಡಬಾರದೆಂಬುದಕ್ಕಾಗಿ ತಮ್ಮ ಪ್ರಮಾದವನ್ನು ಜಗತ್ತಿನ ಮುಂದೆ ಶಾಶ್ವತವಾಗಿ ಇಟ್ಟುಕೊಂಡವರು ಅವರು. ಯೂನಿಕೋಡಿಗೆ ಮುಂಚಿನ ಅಕ್ಷರಶೈಲಿಯೊಂದರಲ್ಲಿ ನಾನು ಬೆರಳಚ್ಚು ಮಾಡಿಟ್ಟ ಎಂ.ಎ. ಟಿಪ್ಪಣಿಗಳು ಇಂದು ತೆರೆದರೆ ಕಾಗೆಯ ಕಾಲುಗಳಂತೆ ಕಾಣುತ್ತವೆ. ಆದ್ದರಿಂದ ಈ ನಿಷ್ಠೆಯ ಬೆಲೆ ನನಗೆ ತಿಳಿದಿದೆ.

ಮಾತು ದೂರ ಹೋಯಿತು. ನನ್ನ ಆಕ್ಷೇಪ ಇರುವುದು ಎರಡು ಕಡೆ. ಮೊದಲನೆಯದು, ಕೊಳ್ಳುವಾಗ ಈ ಸಂಗತಿಯನ್ನು ಮರೆಮಾಡುವುದು. 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ನಮ್ಮ ದೇಶದಲ್ಲಿ ಡಬ್ಬಿಯ ಮೇಲೆ ಗರಿಷ್ಠ ಮಾರಾಟದ ಬೆಲೆ, ತಯಾರಿಕೆಯ ತಿಂಗಳು ಮುಂತಾದುವನ್ನು ಅಚ್ಚುಹಾಕಬೇಕು. ಬಿಸ್ಕತ್ತಿನ ಪೊಟ್ಟಣವೂ ಎಂದಿನವರೆಗೆ ತಿನ್ನಬಹುದೆಂದು ಹೇಳುತ್ತದೆ. ಹತ್ತು ಸಾವಿರ ರೂಪಾಯಿಯ ಫೋನಿನ ಡಬ್ಬಿಯ ಮೇಲೆ, ಇದಕ್ಕೆ ಇಂಥ ವರ್ಷದವರೆಗೆ ಹೊಸ ಆವೃತ್ತಿಯನ್ನೂ ಸುರಕ್ಷತೆಯ ತೇಪೆಯನ್ನೂ ಕೊಡುತ್ತೇವೆ ಎಂಬ ಒಂದು ಸಾಲನ್ನು ಕನ್ನಡದಲ್ಲಿ ಅಚ್ಚುಹಾಕಿದರೆ ಯಾರಿಗೆ ನಷ್ಟ? ಯೂರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ, ಒಂದು ಮಾದರಿಯ ಮಾರಾಟ ಕೊನೆಗೊಂಡ ಮೇಲೂ ಕನಿಷ್ಠ ಐದು ವರ್ಷ ವ್ಯವಸ್ಥೆಯ ಪರಿಷ್ಕರಣೆಗಳನ್ನು ಒದಗಿಸಬೇಕು. ಅಲ್ಲಿ ಸಾಧ್ಯವಾದುದು ಇಲ್ಲಿ ಅಸಾಧ್ಯವೆಂದು ವಾದಿಸುವವರು ಕಾರಣವನ್ನು ಹೇಳಬೇಕು. ದುರಸ್ತಿಯ ಹಕ್ಕಿನ ವಿಷಯವಾಗಿ ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ಸಮಿತಿಯೊಂದನ್ನು ರಚಿಸಿದ್ದುಂಟು. ಆದರೆ ಬಿಡಿಭಾಗ ಸಿಕ್ಕಿದ ಮಾತ್ರಕ್ಕೆ ದುರಸ್ತಿ ಮುಗಿಯುವುದಿಲ್ಲ. ಆ ಹುಡುಗಿಯ ಬ್ಯಾಟರಿ ಹೊಸದೇ ಆಗಿದ್ದಿತು.

ಎರಡನೆಯದು ಇದಕ್ಕಿಂತ ಗಂಭೀರವಾದುದು. ಖಾಸಗಿ ಸಂಸ್ಥೆ ತನ್ನ ಆಟದ ಆ್ಯಪನ್ನು ಯಾರಿಗೆ ಬೇಕಾದರೂ ನಿಲ್ಲಿಸಲಿ. ವಿದ್ಯಾರ್ಥಿವೇತನ, ಪಿಂಚಣಿ, ಪಡಿತರ, ಪರೀಕ್ಷೆಯ ಫಲಿತಾಂಶ — ಇವುಗಳ ಬಾಗಿಲಿಗೆ ಆ್ಯಪ್ ಒಂದೇ ಕೀಲಿಕೈಯಾದಾಗ, ಫೋನಿನ ಆಯುಸ್ಸೇ ಪೌರನ ಹಕ್ಕಿನ ಆಯುಸ್ಸಾಗುತ್ತದೆ. ಬೇರೆ ದಾರಿಗಳಿಲ್ಲವೆಂದಲ್ಲ. ಗುಂಡಿಯೊತ್ತುವ ಸಾದಾ ಫೋನಿನಲ್ಲಿಯೂ *99# ಎಂದು ಒತ್ತಿ, ಮೊದಲು ನೋಂದಣಿ ಮಾಡಿಕೊಂಡು ಖಾತೆಯ ಶಿಲ್ಕನ್ನು ನೋಡಬಹುದು. 2022ರ ಮಾರ್ಚಿಯಲ್ಲಿ ರಿಸರ್ವ್ ಬ್ಯಾಂಕು ಅಂಥ ಫೋನುಗಳಿಗೆಂದೇ ಹಣ ಪಾವತಿಯ ವ್ಯವಸ್ಥೆಯೊಂದನ್ನು ಆರಂಭಿಸಿತು. ಇಷ್ಟೆಲ್ಲ ಇದ್ದರೂ ಕೌಂಟರಿನಲ್ಲಿ ಹೇಳಿಕಳುಹಿಸುವ ಮಾತು 'ಆ್ಯಪ್ ಹಾಕಿಕೊಳ್ಳಿ' ಎಂಬುದೊಂದೇ. ಆ ಗುಮಾಸ್ತರನ್ನು ಮಾತ್ರ ದೂರಿ ಫಲವಿಲ್ಲ. ನಿಯೋಜಿತ ಪಾಠದ ವಿಷಯವನ್ನು ನಾನೂ ಎರಡು ವರ್ಷಗಳಿಂದ ಫೋನಿನ ಗುಂಪಿಗೇ ಹಾಕುತ್ತ ಬಂದಿದ್ದೇನೆ. ಯಾರ ಫೋನಿಗೆ ಅದು ತಲುಪುವುದಿಲ್ಲವೆಂದು ಒಮ್ಮೆಯೂ ಕೇಳಿರಲಿಲ್ಲ. ವಾಟ್ಸ್‌ಆ್ಯಪ್ 2018ರಲ್ಲಿ ಜಿಯೋಫೋನಿಗೆ ಬಂದಾಗ ಎಷ್ಟೋ ಬಡ ಮನೆಗಳು ಹಿಗ್ಗಿದವು. 2024ರಲ್ಲಿ ಅದು ಆ ಬಗೆಯ ಫೋನುಗಳಲ್ಲಿ ಹೊಸಬರಿಗೆ ಸಿಗದಂತಾಯಿತು, 2025ರ ಆರಂಭದಲ್ಲಿ ಹಳಬರಿಗೂ ನಿಂತಿತು. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಆ ವರ್ಷ ಯಾರು ಸುಮ್ಮನಾದರೆಂದು ನನಗೆ ಗೊತ್ತಿಲ್ಲ. ಈಗ ಪ್ರಶ್ನೆಗಳನ್ನು ಕಪ್ಪುಹಲಗೆಯ ಮೇಲೆಯೂ ಬರೆಯುತ್ತಿದ್ದೇನೆ.

ಮರುವಾರ ಬಿಡುವು ಮಾಡಿಕೊಂಡು ಆ ಹುಡುಗಿಯೊಡನೆ ನಾನೂ ಬ್ಯಾಂಕಿಗೆ ಹೋದೆ. ಯಂತ್ರ ಇನ್ನೂ ಕೆಟ್ಟೇ ಇದ್ದಿತು. ಮ್ಯಾನೇಜರರು ಒಳ್ಳೆಯವರು, ನಮ್ಮನ್ನು ಕೂರಿಸಿ, ತಮ್ಮ ಕಂಪ್ಯೂಟರಿನಲ್ಲಿ ಖಾತೆಯನ್ನು ತೆರೆದು ನೋಡಿ, ಒಂದು ಚೀಟಿಯಲ್ಲಿ ಮೊತ್ತವನ್ನೂ ದಿನಾಂಕವನ್ನೂ ಬರೆದುಕೊಟ್ಟರು. ಈ ಕೆಲಸಕ್ಕೆ ಅವರಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಹಣ 19 ದಿನಗಳ ಹಿಂದೆಯೇ ಜಮೆಯಾಗಿದ್ದಿತು. ಅವಳ ತಂದೆ ಅಷ್ಟರಲ್ಲಿ ಕೈಗಡ ತಂದಾಗಿತ್ತು. ಬಸ್ಸಿಗೆ ಹೊತ್ತಾಯಿತೆಂದು ಅವಳು ಹೊರಟಳು. ಮೆಟ್ಟಿಲಿಳಿಯುತ್ತಲೇ ಆ ಬಿರಿದ ಗಾಜಿನ ಫೋನನ್ನು ಕಿವಿಗಿಟ್ಟುಕೊಂಡು, "ಅಮ್ಮಾ, ದುಡ್ಡು ಬಂದಿದೆಯಂತೆ" ಎಂದು ಹೇಳುತ್ತಿದ್ದುದು ನನಗೆ ಕೇಳಿಸಿತು; ಆ ಕಡೆಯಿಂದ ತಾಯಿ ಕೇಳುತ್ತಿದ್ದುದೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.