ಕಂಡರೂ ಪರಾಂಬರಿಸಿ ನೋಡು

ಸೋದರಿಯರೇ, ಈ ಸಲ ಒಲೆ-ಒಗ್ಗರಣೆಯ ಮಾತು ಬದಿಗಿಟ್ಟು ನಿಮ್ಮೆದುರು ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ.

2018ರ ಮೇ ತಿಂಗಳು. ಸಂಡಿಗೆ ಇಟ್ಟು, ಕಾಗೆ ಕಾಯುತ್ತ ಮಾಳಿಗೆಯ ಮೇಲೆ ಕೂತಿದ್ದೆ. ಮೊಬೈಲಿಗೆ ನಾದಿನಿಯಿಂದ ಸುದ್ದಿ ಬಂತು: "ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರು!" ನಮ್ಮ ನಾದಿನಿ ಸುಳ್ಳು ಹೇಳುವವಳಲ್ಲ. ಹಿಂದೆಮುಂದೆ ನೋಡದೆ ಓಣಿಯ ಹನ್ನೆರಡು ಮನೆಗೂ ಕಳಿಸಿಬಿಟ್ಟೆ.

ಮೂರನೆಯ ದಿನ ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವಾಕೆ ಬಂದಳು. ವರ್ಷ ವರ್ಷವೂ ಬರುವವಳೇ. ಎದುರುಮನೆ ಮಗುವಿನ ಗಲ್ಲ ಸವರಿದ್ದೇ ತಡ, "ಯಾರೇ ನೀನು?" ಎಂದು ಗದ್ದಲ ಶುರುವಾಯಿತು. ಗಂಡಸರು ಸೇರಿದರು. ಬುಟ್ಟಿ ಉರುಳಿತು. ನಮ್ಮತ್ತೆ ಕೋಲೂರಿಕೊಂಡು ಬಂದು, "ನನ್ನ ಸೊಸೆ ಈ ಮನೆಗೆ ಕಾಲಿಡೋಕೆ ಮುಂಚಿನಿಂದ ಇವಳ ಹತ್ರ ಪಾತ್ರೆ ತಗೊಂಡಿದೀನಿ, ಮುಟ್ಟಿದ್ರೆ ನೋಡಿ!" ಎಂದದ್ದಕ್ಕೆ ಉಳಿದಳು. ಪಾತ್ರೆ ಆಯ್ದುಕೊಳ್ಳುವಾಗ ಅವಳ ಕೈ ನಡುಗುತ್ತಿತ್ತು. ನನ್ನದೂ!

ಮರುದಿನ ಸುದ್ದಿಯ ಬೇರು ಹುಡುಕಲು ಕೂತೆ. ನಾದಿನಿಗೆ ಫೋನು ಮಾಡಿ, "ನೀನು ಕಂಡೆಯಾ?" ಎಂದೆ. "ಇಲ್ಲ ಅತ್ತಿಗೆ, ನಮ್ಮ ಓರಗಿತ್ತಿ ಕಳಿಸಿದ್ದು." ಓರಗಿತ್ತಿಗೆ ಅವಳಣ್ಣ, ಅಣ್ಣನಿಗೆ ಅಂಗಡಿಯ ಗೆಳೆಯ, ಗೆಳೆಯನಿಗೆ "ಯಾರೋ"! ನಾನೂ ಸೇರಿ ಐದು ಜನ; ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಕಳಿಸಿದವರು ನಮ್ಮವರು ಎಂದೇ ಎಲ್ಲರೂ ನಂಬಿದ್ದೆವು. ನಮ್ಮೆಜಮಾನರು ಠಾಣೆಗೆ ಹೋಗಿ ವಿಚಾರಿಸಿದರು. ಊರಲ್ಲಿ ಮಗು ಕಾಣೆಯಾದ ಒಂದೇ ಒಂದು ದೂರೂ ಇರಲಿಲ್ಲ.

ನಮ್ಮ ಪಾತ್ರೆಯಾಕೆ ಉಳಿದಳು, ಎಲ್ಲರೂ ಉಳಿಯಲಿಲ್ಲ. ಅದೇ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಇದೇ ಗುಮಾನಿಯಿಂದ ಹೊಡೆದು ಕೊಂದರು. ಜುಲೈನಲ್ಲಿ ಬೀದರ ಜಿಲ್ಲೆಯಲ್ಲಿ ಹೈದರಾಬಾದಿನ ಗೆಳೆಯರು ಮಕ್ಕಳಿಗೆ ಚಾಕಲೇಟು ಕೊಟ್ಟರು, ಅಷ್ಟೇ. ಅವರ ಕಾರು ಮುರ್ಕಿ ತಲುಪುವ ಮೊದಲೇ ಮೊಬೈಲಿನ ಸುದ್ದಿ ತಲುಪಿತ್ತು. ಜನ ಅಡ್ಡಗಟ್ಟಿ ಬಡಿದರು, ಒಬ್ಬ ಇಂಜಿನಿಯರು ಪ್ರಾಣ ಬಿಟ್ಟ. ಅದೇ ತಿಂಗಳು ವಾಟ್ಸಾಪ್ ಕಂಪನಿ, ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ಮುಂದೆ ಕಳಿಸಬಹುದೆಂದು ಮಿತಿ ಹಾಕಿತು. ಕಿಚ್ಚು ಹಚ್ಚಲು ಐದು ಮನೆ ಸಾಲದೇ, ನೀವೇ ಹೇಳಿ?

ಕಲ್ಲು ಆರಿಸದೆ ಅಕ್ಕಿಯನ್ನು ಎಸರಿಗೆ ಹಾಕುತ್ತೇವೆಯೇ? ಸುದ್ದಿಯೂ ಹಾಗೇ. ಈಗ ನಾನು ಮೂರು ಮಾತು ಕೇಳದೆ ಏನನ್ನೂ ಮುಂದೆ ಕಳಿಸುವುದಿಲ್ಲ. ಕಣ್ಣಾರೆ ಕಂಡವರು ಯಾರು? ಯಾವ ಊರು, ಯಾವ ದಿನ? ಇದನ್ನು ಸರಿಯಾಗಿ ಬಲ್ಲವರು ನಮ್ಮಲ್ಲಿ ಯಾರು? ಮಗುವಿನ ವಿಚಾರವಾದರೆ ಪೊಲೀಸರ 112 ಇದೆ, ಮಕ್ಕಳ ಸಹಾಯವಾಣಿ 1098 ಇದೆ. 2017ರಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದಿನ ಮೇಲೂ ಹೀಗೇ ಪುಕಾರು ಹಬ್ಬಿತ್ತಲ್ಲ, ಅಂಥದ್ದಕ್ಕೆ ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯ ನರ್ಸಮ್ಮನನ್ನೋ ಕೇಳಿ. ಉತ್ತರ ಸಿಗಲಿಲ್ಲವೇ, ಸುದ್ದಿ ನಿಮ್ಮಲ್ಲೇ ಇರಲಿ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂದರು ಹಿರಿಯರು. ನಾವೋ, ಕಾಣದ್ದನ್ನೂ ಪರಾಂಬರಿಸುವುದಿಲ್ಲ!

ಪಾತ್ರೆಯಾಕೆ ಆಮೇಲೆ ನಮ್ಮ ಓಣಿಗೆ ಬರಲೇ ಇಲ್ಲ. ಅವಳಿಗೆಂದು ಎತ್ತಿಟ್ಟ ಎರಡು ಸೀರೆ ಇನ್ನೂ ಪೆಟ್ಟಿಗೆಯಲ್ಲಿವೆ. ನಿಮ್ಮ ಓಣಿಗೆ ಬಂದರೆ, ಬೆಲ್ಲ-ನೀರು ಕೊಟ್ಟು ಮಾತಾಡಿಸಿ ಆಯ್ತಾ?