ಕಂಪ್ಯೂಟರ್ ಕೋಣೆಗೆ ಬೀಗ ಯಾಕೆ?

ಗಡಿಯ ಕನ್ನಡ ಶಾಲೆಗೆ ಕಂಪ್ಯೂಟರ್ ಬಂದಿಲ್ಲ ಎಂದು ನಾವು ಬಹಳ ವರ್ಷ ದೂರಿದೆವು. ಈಗಿನ ದೂರು ಬೇರೆ. ಬಂದದ್ದು ಸಣ್ಣ ತೊಂದರೆಗೆ ನಿಂತು, ಪ್ಲಾಸ್ಟಿಕ್ ಹೊದಿಕೆಯಡಿ ವರ್ಷಗಟ್ಟಲೆ ಮಲಗಿರುತ್ತದೆ. ಕೇಳಿದರೆ ‘ಮೆಕ್ಯಾನಿಕ್ ಬರಬೇಕು’ ಎನ್ನುತ್ತಾರೆ. ಸತ್ಯಮಂಗಲದಿಂದ ನಮ್ಮ ತಾಳವಾಡಿಗೆ ಆತ ಬರಬೇಕಾದರೆ ದಿಂಬಂ ಘಾಟಿಯ 27 ತಿರುವು ಹತ್ತಬೇಕು. ಹತ್ತು ನಿಮಿಷದ ಕೆಲಸಕ್ಕೆ ಇಡೀ ದಿನದ ಕೂಲಿ ಕೇಳಿದರೆ ಅವನದೇನೂ ತಪ್ಪಿಲ್ಲ.

ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಮೊದಲು ಮಾನಿಟರಿನ ಕೇಬಲ್ ನೋಡಿ. ಅದು ಸರಿಯಿದ್ದರೆ ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆದು, ರ‍್ಯಾಮ್ ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಒತ್ತಿ ಕೂರಿಸಿ. ಎಷ್ಟೋ ಹಳೆಯ ಯಂತ್ರಗಳು ಇಷ್ಟಕ್ಕೇ ಎದ್ದು ಕೂರುತ್ತವೆ. ರಬ್ಬರಿಲ್ಲದ ಶಾಲೆ ಎಲ್ಲಿದೆ?

ಇನ್ನು ಕೆಲವು ಯಂತ್ರಗಳಲ್ಲಿ ದಿನಾಂಕ ಹಿಂದಕ್ಕೆ ಓಡುತ್ತದೆ. ನಾಣ್ಯದಂಥ ಸಿಆರ್ 2032 ಬ್ಯಾಟರಿ ಮುಗಿದಿದೆ, ಅಷ್ಟೇ. ದಿನಾಂಕ ತಪ್ಪಿದರೆ ಇಂಟರ್‌ನೆಟ್ ಪುಟಗಳು ‘ಸುರಕ್ಷಿತವಲ್ಲ’ ಎನ್ನುತ್ತವೆ. ಮೇಷ್ಟ್ರು ವೈರಸ್ ಬಂತೆಂದು ಬೀಗ ಹಾಕುತ್ತಾರೆ.

ಮೂರನೆಯದು ಗಡಿಯಲ್ಲಿರುವ ನಮ್ಮದೇ ಪಾಡು. ಚಾಮರಾಜನಗರದ ಕಡೆಯಿಂದ ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಬರುತ್ತದೆ. ಇಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗೊಜ್ಜು. ಕನ್ನಡ ಗೊತ್ತಿಲ್ಲದ ಮೆಕ್ಯಾನಿಕ್ ಫೈಲ್ ಕೆಟ್ಟಿದೆ ಎಂದುಬಿಡುತ್ತಾನೆ. ಮೇಷ್ಟ್ರು ರಾತ್ರಿ ಕೂತು ಎಲ್ಲವನ್ನೂ ಕೈಯಲ್ಲಿ ಬರೆಯುತ್ತಾರೆ. ಫೈಲ್ ಕೆಟ್ಟಿಲ್ಲ. ಆ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿವೆ. ಫಾಂಟ್ ಇಲ್ಲದಿದ್ದರೆ ಆ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ಅದೇ ಫಾಂಟ್ ಹಾಕಿ, ಇಲ್ಲವೇ ಯೂನಿಕೋಡ್‌ಗೆ ಬದಲಾಯಿಸಿ. ಅಕ್ಷರದ ಬದಲು ಖಾಲಿ ಚೌಕಗಳು ಕಂಡರೆ ಕತೆ ಬೇರೆ: ಯಂತ್ರದಲ್ಲಿ ಕನ್ನಡ ತೋರಿಸುವ ಫಾಂಟೇ ಇಲ್ಲ. ವಿಂಡೋಸ್ 8ರಿಂದೀಚೆಗೆ ನಿರ್ಮಲಾ ಫಾಂಟ್ ಜೊತೆಯಲ್ಲೇ ಬರುವುದರಿಂದ ಈ ಕಾಟ ಕಡಿಮೆಯಾಗಿದೆ.

ಕೀಲಿಮಣೆಯಲ್ಲಿ ‘ತಮಿಳ್ 99’ ಮಾತ್ರ ಇದ್ದರೆ ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿ. ಇನ್‌ಸ್ಕ್ರಿಪ್ಟ್ ಆರಿಸಿಕೊಂಡರೆ ಇನ್ನೂ ಲೇಸು. ಅದರಲ್ಲಿ ಕನ್ನಡದ ‘ಕ’ಕ್ಕೂ ತಮಿಳಿನ ‘ಕ’ಕ್ಕೂ ಕೀಲಿ ಒಂದೇ. ಎರಡೂ ಭಾಷೆ ಓದುವ ನಮ್ಮ ಮಕ್ಕಳಿಗೆ ಇದಕ್ಕಿಂತ ಅನುಕೂಲ ಬೇಕೆ? (ತಮಿಳಿನಲ್ಲಿ ಕಣಿನಿ, ನಮ್ಮಲ್ಲಿ ಗಣಕಯಂತ್ರ, ಹುಡುಗರು ಎರಡನ್ನೂ ಬಿಟ್ಟು ‘ಸಿಸ್ಟಂ’ ಎನ್ನುತ್ತಾರೆ. ಅನ್ನಲಿ.)

ಇದನ್ನೆಲ್ಲ ಒಂಬತ್ತನೆಯ ತರಗತಿಯವರಿಗೆ, ಮೇಷ್ಟ್ರು ಜೊತೆಗಿದ್ದು, ಕಲಿಸಬೇಕೆಂಬುದು ನನ್ನ ವಾದ. ಒಂದು ನೋಟ್‌ಬುಕ್ ಇಡಿ. ಏನು ಕೆಟ್ಟಿತ್ತು, ಪರದೆಯಲ್ಲಿ ಇಂಗ್ಲಿಷಿನಲ್ಲಿ ಏನು ಬಂತು, ಏನು ಮಾಡಿದಾಗ ಸರಿಹೋಯಿತು ಎಂಬುದನ್ನು ಅವರೇ ಕನ್ನಡದಲ್ಲಿ ಬರೆಯಲಿ. ಮುಂದಿನ ವರ್ಷದವರಿಗೆ ಅದೇ ಪಠ್ಯ.

ಸ್ಟಾಕ್ ರಿಜಿಸ್ಟರಿನ ವಸ್ತು ಮಕ್ಕಳ ಕೈಯಲ್ಲಿ ಕೆಟ್ಟರೆ ಯಾರು ಹೊಣೆ ಎಂದು ಮುಖ್ಯೋಪಾಧ್ಯಾಯರು ಕೇಳುತ್ತಾರೆ. ಆ ಕುರ್ಚಿಯಲ್ಲಿ ಕೂತಿದ್ದವನಾಗಿ ಅವರ ಭಯ ಬಲ್ಲೆ. ವಾರಂಟಿ ಇರುವ ಯಂತ್ರ ಮುಟ್ಟಬೇಡಿ. ವಾರಂಟಿ ಮುಗಿದು ಮೂಲೆ ಸೇರಿದ್ದು ಇನ್ನೆಷ್ಟು ಕೆಟ್ಟೀತು? ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ವಿದ್ಯುತ್ ಉಳಿದಿರುತ್ತದೆ. ಅದು ಕೆಟ್ಟರೆ ಮೆಕ್ಯಾನಿಕ್ಕೇ ಘಾಟಿ ಹತ್ತಿ ಬರಲಿ.